ಪೈನ್ ಮರಗಳ ಬೆಳವಣಿಗೆ ಮತ್ತು ಕಾರ್ಖಾನೆಯ ಹೊಗೆ

ಗಂಧಕಯುಕ್ತ ಅದಿರನ್ನು ಕರಗಿಸುವ ಕುಲುಮೆಗಳ ಹೊಗೆ ಪೈನ್‌ನಂಥ ಸೂಜಿ ಎಲೆಯ ಮರಗಳ ಕಾಡುಗಳನ್ನು ಹಾಳುಮಾಡುತ್ತದೆ ಎಂಬುದು ಯುರೋಪಿನ ರೈತರಿಗೂ ಅರಣ್ಯ ಕಾವಲುಗಾರರಿಗೂ ಬಹುಕಾಲದಿಂದ ಗೊತ್ತಿತ್ತು. ಅದನ್ನು ಪ್ರಯೋಗದಿಂದ ಪರೀಕ್ಷಿಸಿದ ಮೊದಲಿಗರಲ್ಲಿ ಜರ್ಮನಿಯ ಥರಾಂಟ್ ಅರಣ್ಯ ಅಕಾಡೆಮಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಷ್ಟೋಕ್‌ಹಾರ್ಟ್ ಒಬ್ಬರು. 19ನೇ ಶತಮಾನದ ಉತ್ತರಾರ್ಧದಲ್ಲಿ ಅವರು ನಡೆಸಿದ ಪ್ರಯೋಗಗಳಲ್ಲಿ, ಕಣ್ಣಿಗೆ ರಾಚುವ ಮಸಿಗಿಂತ ಕಣ್ಣಿಗೆ ಕಾಣದ ಸಲ್ಫರ್ ಡೈಆಕ್ಸೈಡ್ ಅನಿಲವೇ ಘಾತಕವೆಂದು ತಿಳಿದುಬಂತು.

ಪೈನ್ ಮರ ಪ್ರತಿವರ್ಷ ಎಲೆಯೆಲ್ಲ ಉದುರಿಸಿ ಹೊಸದಾಗಿ ಚಿಗುರುವಂಥದ್ದಲ್ಲ. ಒಂದೊಂದು ಸೂಜಿ ಎಲೆಯೂ ಹಲವು ವರ್ಷ ರೆಂಬೆಯಲ್ಲೇ ಇದ್ದು, ಅಷ್ಟೂ ಕಾಲ ಅನಿಲವನ್ನು ಒಳಗೆಳೆದುಕೊಳ್ಳುತ್ತದೆ. ಮೊದಲು ಸೂಜಿಯ ತುದಿ ಹಳದಿಯಾಗಿ, ಆಮೇಲೆ ಕೆಂಗಂದಾಗುತ್ತದೆ. ಹಳೆಯ ಎಲೆಗಳು ಅವಧಿಗೆ ಮುನ್ನವೇ ಉದುರಿ, ರೆಂಬೆಯ ತುದಿಯಲ್ಲಷ್ಟೇ ಹಸಿರು ಉಳಿಯುತ್ತದೆ. ಆಹಾರ ತಯಾರಿಸುವ ಎಲೆ ಕಡಿಮೆಯಾದಂತೆ ಕಾಂಡದ ವಾರ್ಷಿಕ ಬಳೆಗಳು ಕಿರಿದಾಗುತ್ತವೆ.

ಈ ಬಳೆಗಳಿಗೆ ಸಾಕ್ಷ್ಯದ ಬೆಲೆ ಬಂದದ್ದು ಕೆನಡಾದ ಟ್ರೇಲ್ ಊರಿನ ಪ್ರಕರಣದಲ್ಲಿ. ಕೊಲಂಬಿಯಾ ನದಿಯ ದಂಡೆಯಲ್ಲಿ 1896ರಲ್ಲಿ ಆರಂಭವಾದ ಅಲ್ಲಿನ ಕುಲುಮೆ ಮುಂದೆ ಸೀಸ, ಸತುವಿನ ದೊಡ್ಡ ಕಾರ್ಖಾನೆಯಾಯಿತು. 1925 ಮತ್ತು 1927ರಲ್ಲಿ 409 ಅಡಿ ಎತ್ತರದ ಚಿಮಣಿಗಳು ಎದ್ದವು. 1930ರ ಹೊತ್ತಿಗೆ ತಿಂಗಳಿಗೆ ಸುಮಾರು 10,000 ಟನ್ ಗಂಧಕ ಗಾಳಿಗೆ ಸೇರುತ್ತಿತ್ತು. ನದಿಕಣಿವೆಯಲ್ಲಿ ಸಿಕ್ಕಿಕೊಂಡ ಹೊಗೆ ಗಡಿ ದಾಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಲಗಳಿಗೂ ಪೊಂಡರೋಸಾ ಪೈನ್ ಕಾಡುಗಳಿಗೂ ಇಳಿಯಿತು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ತಜ್ಞರು ಕಾಂಡಗಳ ಬಳೆಗಳನ್ನು ಅಳೆದರು. ಕೆಲಸ ಸುಲಭದ್ದಲ್ಲ: ಬರ, ಕಾಳ್ಗಿಚ್ಚು, ಕೀಟಬಾಧೆಗಳೂ ಬಳೆಯನ್ನು ಕಿರಿದಾಗಿಸುವುದರಿಂದ, ಹೊಗೆ ತಾಗದ ದೂರದ ಮರಗಳೊಂದಿಗೆ ಹೋಲಿಸದೆ ಏನನ್ನೂ ಹೇಳುವಂತಿರಲಿಲ್ಲ. ಮಂಡಳಿಯ ವರದಿ 1939ರಲ್ಲಿ ಪ್ರಕಟವಾಯಿತು. ಎರಡೂ ದೇಶಗಳು ಒಪ್ಪಿ ನೇಮಿಸಿದ ನ್ಯಾಯಮಂಡಳಿ 1938ರಲ್ಲಿ 78,000 ಡಾಲರ್ ಪರಿಹಾರ ವಿಧಿಸಿತು. 1941ರ ಅಂತಿಮ ತೀರ್ಪಿನಲ್ಲಿ, ತನ್ನ ನೆಲದ ಹೊಗೆಯಿಂದ ನೆರೆದೇಶಕ್ಕೆ ಗಂಭೀರ ಹಾನಿಮಾಡುವ ಹಕ್ಕು ಯಾವ ದೇಶಕ್ಕೂ ಇಲ್ಲವೆಂದು ಸಾರಿತು. ಕಾಡಿಗಾದ ನಷ್ಟಕ್ಕೆ ಆ ಮೊತ್ತ ತೀರ ಕಡಿಮೆ. ಆದರೂ ಅಂತರರಾಷ್ಟ್ರೀಯ ಪರಿಸರ ಕಾನೂನು ಇಂದಿಗೂ ಈ ತೀರ್ಪನ್ನು ಆಧಾರವಾಗಿ ಇಟ್ಟುಕೊಂಡಿದೆ. ಕಾರ್ಖಾನೆ ತೀರ್ಪಿಗೂ ಮೊದಲೇ ಗಂಧಕವನ್ನು ಹಿಡಿದಿಟ್ಟು ರಸಗೊಬ್ಬರ ತಯಾರಿಸತೊಡಗಿತ್ತು.

ಕೆನಡಾದಲ್ಲೇ ಇರುವ ಸಡ್ಬರಿಯಲ್ಲಿ ನಿಕ್ಕಲ್ ಕುಲುಮೆಗಳ ಹೊಗೆಗೆ ಬಿಳಿ ಪೈನ್ ನಲುಗಿತು. 1972ರಲ್ಲಿ ಅಲ್ಲಿ ಬಳಕೆಗೆ ಬಂದ 381 ಮೀಟರ್ ಚಿಮಣಿ ಊರಿನ ಗಾಳಿಯನ್ನು ತಿಳಿಗೊಳಿಸಿ ಗಂಧಕವನ್ನು ದೂರಕ್ಕೆ ಹರಡಿತು. ಚಿಮಣಿ ಎತ್ತರಿಸುವುದನ್ನು ಪರಿಹಾರವೆಂದು ಕರೆಯಲಾಗದು. ರಷ್ಯಾದ ಕೋಲಾ ಪರ್ಯಾಯದ್ವೀಪದ ಮೊಂಚೆಗೊರ್ಸ್ಕ್ ಊರಿನ ಲೋಹದ ಕಾರ್ಖಾನೆಯ ಸುತ್ತ ಅನಿಲದ ಜೊತೆ ತಾಮ್ರ, ನಿಕ್ಕಲ್ ಧೂಳೂ ಬಿದ್ದಿದೆ. 1990ರ ದಶಕದಿಂದ ಹೊಗೆ ತಗ್ಗಿದ್ದರೂ, ಮಣ್ಣಿನಲ್ಲಿ ಉಳಿದ ಲೋಹದಿಂದಾಗಿ ಕಾರ್ಖಾನೆಯ ಆಸುಪಾಸಿನಲ್ಲಿ ಪೈನ್ ಸಸಿಗಳು ಬೇರೂರುವುದು ಕಷ್ಟವಾಗಿದೆ.