ಗಾಜಿನಮನೆಗಿಂತ ಹಳೆಯ ತೋಟ

ದಾವಣಗೆರೆಯ ಕುಂದವಾಡ ಕೆರೆಯ ಬಳಿ ಇರುವ ಗಾಜಿನಮನೆಗೆ ಬೆಂಗಳೂರಿನ ಲಾಲ್‌ಬಾಗ್ ಮಾದರಿ. ಫಲಪುಷ್ಪ ಪ್ರದರ್ಶನ ಬಂತೆಂದರೆ ಊರಿನವರ ಜೊತೆಗೆ ಹರಿಹರ, ಜಗಳೂರು ಕಡೆಯ ಜನರೂ ಅಲ್ಲಿ ಸೇರುತ್ತಾರೆ. ಲಾಲ್‌ಬಾಗ್‌ನಲ್ಲಿ ಗಾಜಿನಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ; ತೋಟ ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು.

1760ರ ಸುಮಾರಿಗೆ ಹೈದರ್ ಅಲಿ ಅದನ್ನು ಆರಂಭಿಸಿದ. ಟಿಪ್ಪು ಪರ್ಷಿಯಾ, ಕಾಬೂಲ್, ಮಾರಿಷಸ್ಸುಗಳಿಂದ ಸಸಿ, ಬೀಜ ತರಿಸಿ ಬೆಳೆಸಿದ. ಅರಸರ ಈ ತೋಟ ಸರ್ಕಾರಿ ಸಸ್ಯೋದ್ಯಾನವಾದದ್ದು 1856ರಲ್ಲಿ, ಮಾರ್ಕ್ ಕಬ್ಬನ್ ಆಡಳಿತದಲ್ಲಿ. ಅದರ ಹಿಂದೆ ವೈದ್ಯ ಹ್ಯೂ ಕ್ಲೆಗಾರ್ನ್‌ನ ಸಲಹೆಯಿತ್ತು. ಆತ ಗಿಡಗಳನ್ನು ಕಲಿತ ಜಾಗ ದಾವಣಗೆರೆಗೆ ದೂರವಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದಾಗ ಆತ ಸ್ಥಳೀಯ ಚಿತ್ರಕಾರನನ್ನಿಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸುವ ಅಭ್ಯಾಸ ಮಾಡಿಕೊಂಡ. ಆತ ಬರೆಸಿದ ಚಿತ್ರಗಳು ಇಂದು ಎಡಿನ್‌ಬರೊದ ಸಸ್ಯೋದ್ಯಾನದಲ್ಲಿವೆ. ತುಂಗೆಯ ದಡದ ಗಿಡಗಳ ದಾಖಲೆ ನೋಡಲು ಸ್ಕಾಟ್ಲೆಂಡಿಗೇ ಹೋಗಬೇಕು!

1858ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಲಾಲ್‌ಬಾಗ್‌ನ ಮೇಲ್ವಿಚಾರಕನಾಗಿ ಬಂದ. 1874ರಲ್ಲಿ ಜಾನ್ ಕ್ಯಾಮೆರಾನ್. ಹೊರದೇಶದ ಬೆಳೆಯನ್ನು ಮೊದಲು ತೋಟದಲ್ಲಿ ಬೆಳೆಸಿ, ಇಲ್ಲಿನ ಮಣ್ಣು ಮಳೆಗೆ ಒಗ್ಗುತ್ತದೆಯೇ ಎಂದು ನೋಡಿ, ಆಮೇಲೆ ರೈತರಿಗೆ ಹಂಚುವುದು ಅಂದಿನ ಸಂಶೋಧನೆಯ ದಾರಿ. ಸೀಮೆಬದನೆ ಇಲ್ಲಿ ಬೇರೂರಿದ್ದು ಕ್ಯಾಮೆರಾನ್ ಕಾಲದಲ್ಲಿ. ಮುಂದೆ ಕ್ರುಂಬಿಗಲ್, ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಈ ಕೆಲಸ ಮುಂದುವರಿಸಿದರು.

ಆ ಕಾಲದ ತೋಟಗಳ ಕಣ್ಣು ಇಳುವರಿಯ ಮೇಲಿತ್ತು; ಅಳಿವಿನಂಚಿನ ಗಿಡದ ಚಿಂತೆ ಬಂದದ್ದು ತಡವಾಗಿ. ಇಂದು ಸಸ್ಯೋದ್ಯಾನವನ್ನು ಉದ್ಯಾನವನದಿಂದ ಬೇರೆ ಮಾಡುವುದು ದಾಖಲೆ. ಪ್ರತಿ ಗಿಡದ ಶಾಸ್ತ್ರೀಯ ಹೆಸರು, ಬೀಜ ಬಂದ ಕಾಡು, ನೆಟ್ಟ ವರ್ಷ ಬರೆದಿಡಬೇಕು. ಒತ್ತಿ ಒಣಗಿಸಿದ ಮಾದರಿ ಕಾಪಿಡಬೇಕು. ಹುಟ್ಟೂರು ಗೊತ್ತಿಲ್ಲದ ಗಿಡ ಎಷ್ಟೇ ಚೆಂದ ಹೂ ಬಿಟ್ಟರೂ ಕಾಡನ್ನು ಮತ್ತೆ ಕಟ್ಟುವ ಕೆಲಸಕ್ಕೆ ಅಷ್ಟಾಗಿ ಒದಗದು.

ದಾವಣಗೆರೆ ಸೀಮೆಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಯ ಹೆಸರಿನಲ್ಲಿ ಅಭಯಾರಣ್ಯವಾಗಿದೆ. ಅದು ಮೇಯುವ ಗಿಡಗಳ ಹೆಸರು ಬಲ್ಲವರು ಕಡಿಮೆ. ಗಾಜಿನಮನೆ ನೋಡಲು ಬರುವವರ ಕಣ್ಣಿಗೆ ಬೀಳುವಂತೆ ಈ ಬಯಲುಸೀಮೆ ಮರಗಳನ್ನೂ ಹೆಸರು, ಊರು ಬರೆದು ಬೆಳೆಸಬೇಕು.