ಅಂಡಾಶಯ ಕೊಯ್ದ ಕಾಲ

ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್ ಎಂದು ರೂಢಿಯಲ್ಲಿರುವ ತೊಂದರೆಗೆ ಮಾತ್ರೆಗಳು ಬರುವುದಕ್ಕೆ ಮುನ್ನ, ಹೊಟ್ಟೆಯನ್ನು ತೆರೆದು ಅಂಡಾಶಯದ ಒಂದು ಭಾಗವನ್ನು ಕೊಯ್ದು ತೆಗೆಯುವುದೇ ಸುಮಾರು ಮೂರು ದಶಕಗಳ ಕಾಲ ಮುಖ್ಯ ಚಿಕಿತ್ಸೆಯಾಗಿತ್ತು. ಮಕ್ಕಳಾಗದ ರೈತ ಹೆಂಗಸರಲ್ಲಿ ದೊಡ್ಡದಾಗಿ, ಬೆಳ್ಳಗೆ ಹೊಳೆಯುವ ಅಂಡಾಶಯಗಳನ್ನು ಇಟಲಿಯ ಆಂಟೋನಿಯೊ ವಾಲಿಸ್ನೇರಿ 1721ರಲ್ಲಿಯೇ ವರ್ಣಿಸಿದ್ದರೂ, ಮುಟ್ಟು ನಿಲ್ಲುವುದು, ಬಂಜೆತನ, ಮುಖ ಮೈಗಳಲ್ಲಿ ಅತಿಯಾಗಿ ಕೂದಲು ಬೆಳೆಯುವುದು ಇವೆಲ್ಲವನ್ನೂ ಅಂತಹ ಅಂಡಾಶಯದೊಂದಿಗೆ ಜೋಡಿಸಿ ಒಂದೇ ಕಾಯಿಲೆಯಾಗಿ ಮುಂದಿಟ್ಟವರು ಷಿಕಾಗೋದ ಮೈಕೇಲ್ ರೀಸ್ ಆಸ್ಪತ್ರೆಯ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂಥಾಲ್. ಅವರ ಪ್ರಬಂಧ ಪ್ರಕಟವಾದದ್ದು 1935ರಲ್ಲಿ.

ಅಲ್ಟ್ರಾಸೌಂಡ್ ಇಲ್ಲದ ಆ ದಿನಗಳಲ್ಲಿ ಸ್ಟೈನ್ ಅವರು ಹೊಟ್ಟೆಯೊಳಕ್ಕೆ ಅನಿಲವನ್ನು ತುಂಬಿ, ಎಕ್ಸ್-ರೇಯಲ್ಲಿ ಮೂಡುವ ಅಂಡಾಶಯದ ನೆರಳನ್ನು ಗರ್ಭಕೋಶದ ನೆರಳಿನೊಂದಿಗೆ ಹೋಲಿಸಿ ಅದರ ಗಾತ್ರವನ್ನು ಅಂದಾಜು ಮಾಡುತ್ತಿದ್ದರು. ಪರೀಕ್ಷೆಗೆಂದು ಅಂಡಾಶಯದ ಚೂರು ತೆಗೆದ ಮೇಲೆ ಮುಟ್ಟು ಮರಳುತ್ತಿದ್ದುದನ್ನು ಕಂಡು, ಅಂಡಾಶಯದ ದಪ್ಪ ಹೊದಿಕೆಯೇ ಅಂಡವನ್ನು ಹೊರಬಿಡದೆ ತಡೆಯುತ್ತದೆಂದು ಅವರು ತರ್ಕಿಸಿದರು. ಏಳು ಮಹಿಳೆಯರಲ್ಲಿ ಪ್ರತಿ ಅಂಡಾಶಯದ ಅರ್ಧದಿಂದ ಮುಕ್ಕಾಲು ಪಾಲನ್ನು ಬೆಣೆಯಾಕಾರದಲ್ಲಿ ಕತ್ತರಿಸಿ ತೆಗೆದಾಗ, ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಹೋಲಿಕೆಗೆ ಬೇರೊಂದು ಗುಂಪೇ ಇಲ್ಲದ ಇಷ್ಟು ಚಿಕ್ಕ ಆಧಾರದ ಮೇಲೆ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆ ರೂಢಿಗೆ ಬಂದದ್ದು ಇಂದಿನವರ ಹುಬ್ಬೇರಿಸುತ್ತದೆ. ಆದರೆ ಬೇರೆ ದಾರಿಯೇ ಇರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಮೇಲಾಗಿ, ಕಾರಣದ ಊಹೆ ಸರಿಯಿರದಿದ್ದರೂ ಫಲ ಸುಳ್ಳಾಗಿರಲಿಲ್ಲ: ಆಂಡ್ರೋಜನ್ ಎಂಬ ಪುರುಷ ಹಾರ್ಮೋನನ್ನು ಅತಿಯಾಗಿ ಸ್ರವಿಸುವ ಅಂಗಾಂಶ ಕಡಿಮೆಯಾದುದರಿಂದಲೇ ಅಂಡೋತ್ಪತ್ತಿ ಮರುಕಳಿಸುತ್ತಿತ್ತೆಂಬುದು ಈಗಿನ ವಿವರಣೆ.

ಈ ಪದ್ಧತಿಗೆ ಕುತ್ತು ತಂದದ್ದು ಅದರದೇ ಗಾಯ. ಕೊಯ್ದ ಜಾಗ ಮಾಯುವಾಗ ಸುತ್ತಲಿನ ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡು, ಬಂಜೆತನ ನೀಗಲು ಮಾಡಿದ ಶಸ್ತ್ರಚಿಕಿತ್ಸೆಯೇ ಎಷ್ಟೋ ಮಂದಿಗೆ ಬಂಜೆತನದ ಹೊಸ ಕಾರಣವಾಯಿತು. ಅಷ್ಟರಲ್ಲಿ, 1961ರಲ್ಲಿ, ರಾಬರ್ಟ್ ಗ್ರೀನ್‌ಬ್ಲಾಟ್ ಮತ್ತು ಸಂಗಡಿಗರು ಕ್ಲೋಮಿಫೀನ್ ಮಾತ್ರೆಯಿಂದ ಅಂಡೋತ್ಪತ್ತಿಯನ್ನು ಪ್ರಚೋದಿಸಬಹುದೆಂದು ತೋರಿಸಿದರು. ಈಸ್ಟ್ರೋಜನ್‌ನ ಸಂಕೇತ ಮೆದುಳಿಗೆ ಮುಟ್ಟದಂತೆ ಈ ಮಾತ್ರೆ ತಡೆಯುವುದರಿಂದ, ಪಿಟ್ಯುಟರಿ ಗ್ರಂಥಿ ಅಂಡಕೋಶಗಳನ್ನು ಬೆಳೆಸುವ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. 1980ರ ಸುಮಾರಿಗೆ ಈ ಕಾಯಿಲೆಗೂ ಇನ್ಸುಲಿನ್ ಹೆಚ್ಚಳಕ್ಕೂ ಇರುವ ನಂಟು ಸ್ಪಷ್ಟವಾದ ಮೇಲೆ, ತೂಕ ಇಳಿಸುವುದು, ವ್ಯಾಯಾಮ, ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಇವು ಕ್ರಮೇಣ ಚಿಕಿತ್ಸೆಯೊಳಗೆ ಬಂದವು. ಆದರೂ ಶಸ್ತ್ರಚಿಕಿತ್ಸೆ ಪೂರ್ತಿ ಮರೆಯಾಗಲಿಲ್ಲ; 1984ರಲ್ಲಿ ನಾರ್ವೆಯ ಹಾಲ್ವರ್ಡ್ ಯೋನೆಸ್ ವರದಿ ಮಾಡಿದ, ಲ್ಯಾಪರೋಸ್ಕೋಪಿನ ಮೂಲಕ ಅಂಡಾಶಯವನ್ನು ಅಲ್ಲಲ್ಲಿ ಸುಟ್ಟು ರಂಧ್ರ ಮಾಡುವ ವಿಧಾನವನ್ನು, ಮಾತ್ರೆಗೆ ಸ್ಪಂದಿಸದ ಕೆಲವರಿಗೆ ವೈದ್ಯರು ಇಂದಿಗೂ ಸೂಚಿಸುವುದುಂಟು.