ಹೆತ್ತೂರು ಸೀಮೆಯ ಪ್ರವಾಸ ಮತ್ತು ವಿಹಾರ: ಚರಿತ್ರೆ

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಮಲೆನಾಡು ಹೋಬಳಿ ಹೆತ್ತೂರು. ಪಟ್ಲ ಬೆಟ್ಟ, ಮೂಕನಮನೆ ಅಬ್ಬಿ, ಬಿಸಿಲೆ ಘಾಟಿ ನೋಡಲು ರಜಾ ದಿನಗಳಲ್ಲಿ ಬಯಲುಸೀಮೆಯ ಜನ ಇಲ್ಲಿಗೆ ಬರುತ್ತಾರೆ. ಈ ಪ್ರವಾಸದ ಚರಿತ್ರೆಯನ್ನು ನಿಸರ್ಗದ ಚೆಲುವಿನಿಂದ ಶುರುಮಾಡುವುದು ವಾಡಿಕೆ. ಆದರೆ ಬೆಟ್ಟವೂ ಅಬ್ಬಿಯೂ ಎಂದಿನಿಂದಲೂ ಇದ್ದವು. ಅವನ್ನು ನೋಡಲೆಂದೇ ಜನ ಬರತೊಡಗಿದ್ದು ಈಚೆಗೆ. ಇಲ್ಲಿನ ವಿಹಾರದ ದಾರಿಗಳೆಲ್ಲ ಮೊದಲು ದುಡಿಮೆಗೋ ಯುದ್ಧಕ್ಕೋ ಹರಕೆಗೋ ಆದಂಥವು. ದೋಣಿಗಾಲ್ ಬಳಿ ಎಂಟು ಮೂಲೆಯ ನಕ್ಷತ್ರದಂತಿರುವ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ್ದು ಕರಾವಳಿಯ ದಾರಿ ಕಾಯಲು. ಬಿಸಿಲೆ ಘಾಟಿಯಲ್ಲಿ ಇಳಿದವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟ ಭಕ್ತರು. 1850ರ ದಶಕದಲ್ಲಿ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಆ ಕಾಲಕ್ಕೆ ಮನರಂಜನೆಗೆಂದು ಕಾಡು ಹೊಕ್ಕವರು ಕೋವಿ ಹಿಡಿದ ದೊರೆಗಳು.

ಚೆಲುವಿಲ್ಲದೆ ಬರಿಯ ದಾರಿಗೆ ಯಾರು ಬರುತ್ತಾರೆ ಎಂದು ಕೇಳಬಹುದು. ಅದಕ್ಕೆ ರೈಲು ಮಾರ್ಗವೇ ಉತ್ತರ. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. 1996ರಲ್ಲಿ ಬ್ರಾಡ್‌ಗೇಜ್ ಕಾಮಗಾರಿಗೆಂದು ರೈಲು ನಿಂತಾಗ, ದೋಣಿಗಾಲ್‌ನಿಂದ ಯಡಕುಮೇರಿಯವರೆಗಿನ ಖಾಲಿ ಹಳಿ ಚಾರಣಿಗರ ನೆಚ್ಚಿನ ಹಾದಿಯಾಯಿತು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮರಳಿದವು; ಅದೇ ನಡಿಗೆ ಈಗ ಶಿಕ್ಷಾರ್ಹ ಅಪರಾಧ. ಕಣಿವೆ ಬದಲಾಗಲಿಲ್ಲ, ದಾರಿಯ ಸ್ಥಿತಿ ಬದಲಾಯಿತು. ಮಂಕನಹಳ್ಳಿಯ ದಿಣ್ಣೆಯೂ ಹೀಗೆಯೇ. ಅಲ್ಲಿ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿಯೊಡನೆ ಬಂಗಾಳ ಕೊಲ್ಲಿ ಸೇರಿದರೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆಗಿಳಿದು ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇಂಥ ಅಪರೂಪದ ಜಾಗವೂ ಪ್ರವಾಸಿಗೆ ಕಂಡದ್ದು ರಸ್ತೆ ಬದಿಗಿದ್ದ ಕಾರಣಕ್ಕೆ.

ತಂಗುವ ವ್ಯವಸ್ಥೆ ಬೆಳೆದದ್ದು ಕಾಫಿಯ ಕಷ್ಟಕಾಲದಲ್ಲಿ. 2000ದ ಆಸುಪಾಸಿನಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ಕುಸಿಯಿತು. ಅಲ್ಲಿಂದೀಚೆಗೆ ಮಲೆನಾಡಿನ ತೋಟದ ಮನೆಗಳು ಹೋಂಸ್ಟೇಗಳಾದವು, ಹಣ್ಣು ಕುಯ್ಯುವ ಆಳುಗಳೂ ಗೊಬ್ಬರವೂ ಸಾಗುತ್ತಿದ್ದ ಜೀಪು ಅತಿಥಿಗಳನ್ನು ಗುಡ್ಡಕ್ಕೆ ಹತ್ತಿಸತೊಡಗಿತು. ಇದರಿಂದ ಊರಿಗೆ ವರಮಾನ ಬಂದಿದೆ ಎಂಬ ಮಾತು ನಿಜ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಮಳೆಯಲ್ಲಿ ನೆನೆದ ಹುಲ್ಲುಗುಡ್ಡದ ಮೇಲೆ ಜೀಪಿನ ಚಕ್ರ ಉರುಳಿದಲ್ಲೆಲ್ಲ ಮಣ್ಣು ಸೀಳಿ ಕೊರಕಲು ಬೀಳುತ್ತದೆ, ಆ ಕೆಸರು ಕೆಳಗಿನ ಹಳ್ಳಕ್ಕೇ ಇಳಿಯುತ್ತದೆ. ಬಿಸಿಲೆಯ ಕಣಿವೆಯಾಚೆಗೆ ಕಾಣುವ ಪುಷ್ಪಗಿರಿ ವನ್ಯಧಾಮ 2012ರಿಂದ ವಿಶ್ವ ಪರಂಪರೆಯ ತಾಣ. ಈಚೆಗಿರುವುದು ಜನ ದುಡಿದು ಬದುಕುವ ತೋಟ, ಗದ್ದೆ. ಆನೆ ಓಡಾಡುವ ಸೀಮೆಯಾದ್ದರಿಂದ ಪ್ರವಾಸಿಗರು ಬೆಳಕಿರುವಾಗಲೇ ಘಾಟಿ ದಾಟಬೇಕು, ಮಳೆಗಾಲದಲ್ಲಿ ಗುಡ್ಡವನ್ನು ನಡೆದೇ ಹತ್ತಬೇಕು.